ಟ್ರೇಡ್ ಪದವನ್ನು ಕಾಲಿನಿಂದ ಕಲಿಯುವುದು ಹೇಗೆ?

ಐಟಿಐಗೆ ಸೇರುವ ಹುಡುಗರಿಗೆ ಅರ್ಜಿ ತುಂಬಿಸಿಕೊಡುವ ಕೆಲಸ ಪ್ರತಿ ವರ್ಷ ನನ್ನ ಪಾಲಿಗೆ ಬರುತ್ತದೆ. ಒಂದು ಸಲ ಒಬ್ಬ ಹುಡುಗ ‘ಟ್ರೇಡ್’ ಅಂತ ಇದ್ದ ಕಡೆ ‘ರಾಗಿ, ಜೋಳ’ ಅಂತ ಬರೆದಿದ್ದ. ಅವನ ಅಪ್ಪ ಸಂತೆಯಲ್ಲಿ ಕಾಳು ಮಾರುವವರು. ಟ್ರೇಡ್ ಅಂದರೆ ವ್ಯಾಪಾರ ಅಂತ ಶಾಲೆಯಲ್ಲಿ ಕಲಿತಿದ್ದ, ಅದನ್ನೇ ನಂಬಿ ಬರೆದಿದ್ದ. ಅರ್ಜಿ ಕೇಳಿದ್ದು ಫಿಟ್ಟರ್ ಬೇಕೋ, ಎಲೆಕ್ಟ್ರಿಷಿಯನ್ ಬೇಕೋ ಅಂತ. ಹುಡುಗನದೇನೂ ತಪ್ಪಿಲ್ಲ. ಒಂದು ಪದಕ್ಕೆ ಒಂದೇ ಅರ್ಥ ಕಟ್ಟಿಕೊಟ್ಟರೆ ಹೀಗೇ ಆಗುತ್ತದೆ.

ಅವತ್ತಿನಿಂದ ಈ ಪದವನ್ನು ನಾನು ಬೇರೆ ಥರ ಹೇಳಿಕೊಡುತ್ತಿದ್ದೇನೆ. ನೀವು ಮನೆಯಲ್ಲೇ ಕೂತು ಮಾಡಬಹುದು. ಅರ್ಧ ಗಂಟೆ ಸಾಕು.

ಮೊದಲು ನಿಘಂಟು ತೆರೆಯಬೇಡಿ. ಒಂದು ಹಾಳೆ ತೆಗೆದುಕೊಂಡು, ನಿಮ್ಮ ಸುತ್ತಮುತ್ತ ಟ್ರೇಡ್ ಎಲ್ಲೆಲ್ಲಿ ಕಾಣುತ್ತದೆ ಅಂತ ಬರೆಯಿರಿ. ಅಂಗಡಿ ಗೋಡೆಗೆ ತೂಗುಹಾಕಿದ ಟ್ರೇಡ್ ಲೈಸೆನ್ಸ್. ಊದಿನಕಡ್ಡಿ ಪೊಟ್ಟಣದ ಮೇಲಿನ ಟ್ರೇಡ್ ಮಾರ್ಕ್. ಫೋನಿನಲ್ಲಿ ಷೇರು ಕೊಂಡು ಮಾರುವ ಟ್ರೇಡಿಂಗ್. ಕಾರ್ಖಾನೆಯ ಟ್ರೇಡ್ ಯೂನಿಯನ್. ಐಟಿಐ ಟ್ರೇಡ್. ಭೂಗೋಳ ಪಾಠದ ಟ್ರೇಡ್ ವಿಂಡ್ಸ್. ಈಗ ಒಂದೊಂದರ ಪಕ್ಕ ‘ವ್ಯಾಪಾರ’ ಅಂತ ಇಟ್ಟು ನೋಡಿ. ಮೊದಲ ಮೂರಕ್ಕೆ ಕೂರುತ್ತದೆ. ಯೂನಿಯನ್ನಿಗೆ ಕೂರುವುದಿಲ್ಲ, ಅದು ದುಡಿಯುವವರ ಸಂಘ. ಐಟಿಐಗೂ ಕೂರುವುದಿಲ್ಲ. ಇನ್ನು ಗಾಳಿ ಯಾವ ವ್ಯಾಪಾರ ಮಾಡುತ್ತದೆ? ಕೂರದ ಕಡೆಯೆಲ್ಲ ಒಂದು ಗುರುತು ಹಾಕಿ. ಇನ್ನು ಮುಂದೆ ಆ ಗುರುತುಗಳೇ ನಮ್ಮ ಕೆಲಸ.

ಈಗ ನಿಘಂಟು ತೆರೆಯಿರಿ. ಯಾವುದಾದರೂ ಒಳ್ಳೆಯ ಆನ್‌ಲೈನ್ ಇಂಗ್ಲಿಷ್ ನಿಘಂಟು ಆದೀತು. ಅರ್ಥಗಳನ್ನು ಬಿಟ್ಟು ಸೀದಾ ಕೆಳಗೆ ಹೋಗಿ. ‘ಎಟಿಮಾಲಜಿ’ ಅಥವಾ ‘ಒರಿಜಿನ್’ ಅನ್ನುವ ಭಾಗ ಸಿಗುತ್ತದೆ. ಅಲ್ಲಿ ಪದದ ಅತಿ ಹಳೆಯ ಅರ್ಥ ಯಾವುದು ಅಂತ ಮಾತ್ರ ಹುಡುಕಿ.

ಟ್ರೇಡ್‌ನ ಹಳೆಯ ಅರ್ಥ ದಾರಿ. ತುಳಿದು ತುಳಿದು ಬಿದ್ದ ಜಾಡು. 14ನೇ ಶತಮಾನದಲ್ಲಿ ಇದು ಉತ್ತರ ಜರ್ಮನಿ ಕಡೆಯ ಭಾಷೆಯಿಂದ ಇಂಗ್ಲಿಷಿಗೆ ಬಂತು. ಆ ಕಾಲದಲ್ಲಿ ಲ್ಯೂಬೆಕ್‌ನಂಥ ಬಂದರುಗಳ ವರ್ತಕರು, ಅಂದರೆ ಹ್ಯಾನ್ಸಾ ಅನ್ನುವ ವರ್ತಕ ಕೂಟದವರು, ಇಂಗ್ಲೆಂಡಿಗೆ ಹಡಗಿನಲ್ಲಿ ಓಡಾಡುತ್ತಿದ್ದರು. ಪದ ಅವರ ಬಾಯಿಂದಲೇ ಬಂದಿರಬಹುದು. ಇಂಗ್ಲಿಷಿನಲ್ಲಿ ಇದಕ್ಕೊಬ್ಬ ಹತ್ತಿರದ ನೆಂಟ ಇದ್ದಾನೆ: ಟ್ರೆಡ್, ಅಂದರೆ ತುಳಿ. ಟೈರಿನ ಟ್ರೆಡ್, ಟ್ರೆಡ್‌ಮಿಲ್ ಎಲ್ಲ ಅಲ್ಲಿಂದಲೇ ಬಂದವು.

ಈ ನೆಂಟಸ್ತಿಕೆ ಗೊತ್ತಾದ ದಿನ ನಾನು ಬಹಳ ಹೊತ್ತು ಅಪ್ಪನನ್ನು ನೆನೆಯುತ್ತಾ ಕೂತಿದ್ದೆ. ಅವರು ಒಂದು ಸಣ್ಣ ಪ್ರೆಸ್ಸಿನಲ್ಲಿ ಟ್ರೆಡಲ್ ಅನ್ನುವ ಅಚ್ಚಿನ ಯಂತ್ರ ಓಡಿಸುತ್ತಿದ್ದರು. ಮದುವೆ ಕಾಗದ, ಜಾತ್ರೆ ಕರಪತ್ರ, ರಸೀದಿ ಪುಸ್ತಕ ಎಲ್ಲ ಅದರಲ್ಲೇ ಅಚ್ಚಾಗುತ್ತಿದ್ದವು. ಬಲಗಾಲಲ್ಲಿ ತುಳಿಯುತ್ತಾ, ಒಂದು ಕೈಯಲ್ಲಿ ಹಾಳೆ ಇಡುತ್ತಾ, ಇನ್ನೊಂದು ಕೈಯಲ್ಲಿ ತೆಗೆಯುತ್ತಿದ್ದರು. ಟ್ರೆಡಲ್ ಅಂದರೆ ಕಾಲಲ್ಲಿ ತುಳಿಯುವ ಹಲಗೆ. ಅಪ್ಪನ ಯಂತ್ರದ ಹೆಸರು ಟ್ರೆಡಲ್, ಕಸುಬು ಅನ್ನುವ ಅರ್ಥದ ಟ್ರೇಡ್, ಎರಡೂ ಒಂದೇ ಬೇರಿನವು. ಇದನ್ನು ಅವರಿಗೆ ಹೇಳೋಣ ಅಂದರೆ ಅವರಿರಲಿಲ್ಲ.

ಮುಂದಿನ ಹೆಜ್ಜೆ, ಹಳೆಯ ಅರ್ಥದಿಂದ ಈಗಿನ ಅರ್ಥಕ್ಕೆ ನಿಧಾನವಾಗಿ ನಡೆದು ಬರುವುದು. ದಿನಾ ತುಳಿಯುವ ದಾರಿ ದಿನಾ ಮಾಡುವ ಕೆಲಸ ಆಯಿತು. ದಿನಾ ಮಾಡುವ ಕೆಲಸ ಕಸುಬಾಯಿತು. 16ನೇ ಶತಮಾನದ ನಡುವಿನ ಹೊತ್ತಿಗೆ ಕೊಡುವುದು ಕೊಳ್ಳುವುದೂ ಅದರೊಳಗೆ ಸೇರಿತು. ಇದು ವಿಚಿತ್ರ ಅನ್ನಿಸಿದರೆ ನಮ್ಮ ಮಾತನ್ನೇ ಕೇಳಿಸಿಕೊಳ್ಳಿ. ‘ಹೊಟ್ಟೆಪಾಡಿಗೆ ಏನಾದ್ರೂ ದಾರಿ ಆಯ್ತಾ?’ ಅಂತ ಕೇಳುತ್ತೇವೆ, ಅಲ್ವಾ? ವ್ಯಾಪಾರ ಅನ್ನುವ ಪದವೂ ಹೀಗೇ ನಡೆದು ಬಂದದ್ದು. ಸಂಸ್ಕೃತದಲ್ಲಿ ಅದಕ್ಕೆ ಕೆಲಸ, ಚಟುವಟಿಕೆ ಅಂತ ಅರ್ಥ. ಮಾರುವ ಕೊಳ್ಳುವ ಅರ್ಥ ಆಮೇಲೆ ಗಟ್ಟಿಯಾಯಿತು.

ಈಗ ಹಾಳೆಯ ಗುರುತುಗಳಿಗೆ ವಾಪಸ್ ಬನ್ನಿ. ಐಟಿಐ ಟ್ರೇಡ್ ಅಂದರೆ ಕಸುಬು. ಟ್ರೇಡ್ ಯೂನಿಯನ್ ಕೂಡ ಮೊದಲಿಗೆ ಒಂದೊಂದು ಕಸುಬಿನವರು ಬ್ರಿಟನ್ನಿನಲ್ಲಿ ಕಟ್ಟಿಕೊಂಡ ಸಂಘ. ಬಡಗಿಗಳದು ಬೇರೆ, ಅಚ್ಚಿನವರದು ಬೇರೆ. ನಮ್ಮಲ್ಲಿ 1926ರ ಕಾಯ್ದೆಗೂ ಅದೇ ಹೆಸರು ಬಂತು. ಆಸ್ಟ್ರೇಲಿಯಾದಲ್ಲಿರುವ ನಮ್ಮವರು ‘ಟ್ರೇಡಿ ಬರ್ತಾನೆ’ ಅಂದರೆ ವ್ಯಾಪಾರಿ ಅಂದುಕೊಳ್ಳಬೇಡಿ. ಬರುವವನು ಪ್ಲಂಬರ್ ಅಥವಾ ಎಲೆಕ್ಟ್ರಿಷಿಯನ್.

ಗಾಳಿಯದು ಇನ್ನೂ ಚೆನ್ನ. ಭೂಮಧ್ಯರೇಖೆಯ ಎರಡೂ ಕಡೆ, ಸುಮಾರು 30 ಡಿಗ್ರಿ ಒಳಗೆ, ವರ್ಷದ ಬಹುಪಾಲು ಒಂದೇ ದಿಕ್ಕಿನಿಂದ ಬೀಸುವ ಗಾಳಿ ಇದು. ಜಾಡು ಬಿಡದೆ ಬೀಸುವ ಗಾಳಿಗೆ ಇಂಗ್ಲಿಷ್ ನಾವಿಕರು ‘ಟ್ರೇಡ್ ಬೀಸುತ್ತಿದೆ’ ಅನ್ನುತ್ತಿದ್ದರು. ಹಳೆಯ ‘ದಾರಿ’ ಅರ್ಥ ಇಲ್ಲಿ ಹಾಗೇ ಉಳಿದಿದೆ. ಹಡಗಿನ ಸರಕಿಗೆ ಅದರಿಂದ ಅನುಕೂಲ ಆದದ್ದು ನಿಜ, ಆದರೆ ಹೆಸರು ಬಂದದ್ದು ಅಲ್ಲಿಂದಲ್ಲ. ನಮ್ಮ ಭೂಗೋಳ ಪುಸ್ತಕಗಳು ಇದನ್ನು ‘ವಾಣಿಜ್ಯ ಮಾರುತ’ ಅನ್ನುತ್ತವೆ. ನನಗೆ ಇದು ನಿಜಕ್ಕೂ ಬೇಸರ. ‘ಜಾಡುಗಾಳಿ’ ಅಂದಿದ್ದರೆ ಮಗುವಿಗೆ ಗಾಳಿಯ ಗುಣ ಹೆಸರಿನಲ್ಲೇ ಸಿಗುತ್ತಿತ್ತು. ಜರ್ಮನ್ನರು ಇದೇ ಗಾಳಿಗೆ ಪಸ್ಸಾಟ್ ಅನ್ನುತ್ತಾರೆ. ಫೋಕ್ಸ್‌ವ್ಯಾಗನ್ನಿನ ಪಸ್ಸಾಟ್ ಕಾರಿನ ಹೆಸರು ಆ ಗಾಳಿಯದೇ.

ಒಂದು ಎಚ್ಚರಿಕೆ ಹೇಳಬೇಕು. ಕೇಳಲು ಒಂದೇ ಥರ ಇದ್ದ ಮಾತ್ರಕ್ಕೆ ನೆಂಟಸ್ತಿಕೆ ಕಟ್ಟಬೇಡಿ. ಟ್ರೆಡಿಷನ್ ಕೂಡ ಟ್ರೇಡ್‌ನಿಂದ ಬಂತು ಅಂತ ತರಗತಿಯಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ಅದು ಲ್ಯಾಟಿನ್ನಿನ ‘ಕೈಗೆ ಒಪ್ಪಿಸು’ ಅನ್ನುವ ಪದದಿಂದ ಬಂದದ್ದು. ಅನುಮಾನ ಬಂದರೆ ಎರಡೂ ಪದಗಳ ಮೂಲ ತೆರೆದು ಪಕ್ಕಪಕ್ಕ ಇಟ್ಟು ನೋಡಿ.

ಇದಾದ ಮೇಲೆ ಇನ್ನೊಂದು ಪದ ಮಾಡಿ ನೋಡಬೇಕು ಅನ್ನಿಸಿದರೆ ‘ಚೀಪ್’ ತೆಗೆದುಕೊಳ್ಳಿ. ಲಂಡನ್ನಿನ ಚೀಪ್‌ಸೈಡ್ ಅನ್ನುವ ಹಳೆಯ ಬೀದಿಯಿಂದ ಶುರು ಮಾಡಿ. ಆ ಹೆಸರಿನಲ್ಲಿ ಚೀಪ್ ಅಂದರೆ ಅಗ್ಗ ಅಲ್ಲ, ಪೇಟೆ.