ಬೆಳಗಾವಿಯಲ್ಲಿ ಕೆಲಸ ಹುಡುಕುವವರಿಗೆ: ನೇಮಕಾತಿಯ ಅರ್ಹತೆಗಳನ್ನು ಓದುವ ಬಗೆ

ಊರಿಗೆ ಹೊಸದಾಗಿ ಬಂದ ಕುಟುಂಬಗಳು ಬಾಡಿಗೆ ಮನೆ, ಮಕ್ಕಳ ಶಾಲೆ, ಗ್ಯಾಸ್ ಸಂಪರ್ಕದ ಓಡಾಟ ಮುಗಿಸಿದ ಮೇಲೆ ನಮ್ಮ ಸಂಘದವರನ್ನು ಕೇಳುವುದು ಇಲ್ಲಿ ಕೆಲಸ ಎಲ್ಲಿ ಸಿಗುತ್ತದೆ ಎಂದು. ಆದರೆ ಆ ಕೆಲಸ ನಮ್ಮಿಂದ ಏನನ್ನು ಕೇಳುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡರೆ ಅರ್ಧ ಅಲೆದಾಟ ತಪ್ಪುತ್ತದೆ. ಜಾಹೀರಾತಿನಲ್ಲಿ ಒಂದರ ಕೆಳಗೊಂದು ಅಚ್ಚಾದ ಅರ್ಹತೆಗಳೆಲ್ಲ ಸಮಾನ ತೂಕದವಲ್ಲ. ಕೆಲವನ್ನು ಕಾನೂನು ಇಲ್ಲವೇ ನೇಮಕಾತಿ ನಿಯಮ ವಿಧಿಸಿರುತ್ತದೆ. ಅವುಗಳಲ್ಲಿ ಮಾಲೀಕರು ಮನಸ್ಸು ಮಾಡಿದರೂ ವಿನಾಯಿತಿ ಕೊಡಲಾರರು. ಉಳಿದವು ಕೆಲಸ ಕೊಡುವವರ ಅಪೇಕ್ಷೆಗಳು. ಅವುಗಳಲ್ಲಿ ಮಾತುಕತೆಗೆ ಜಾಗವಿರುತ್ತದೆ.

ಮೊದಲ ಬಗೆಗೆ ಆಸ್ಪತ್ರೆ ಕೆಲಸವೇ ಒಳ್ಳೆಯ ಉದಾಹರಣೆ. ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ್ದರಷ್ಟೇ ಸಾಲದು, ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಣಿಯಾಗಿರಬೇಕು. ಕೊಲ್ಹಾಪುರ, ಸಾಂಗಲಿ ಕಡೆ ಕೆಲಸ ಮಾಡಿ ಬಂದ ಸಹೋದರಿಯರು ಅಲ್ಲಿನ ನೋಂದಣಿಯನ್ನೇ ತೋರಿಸಿ ಕುಳಿತುಕೊಳ್ಳದೆ, ಕರ್ನಾಟಕದ ನೋಂದಣಿಗೆ ಬಂದ ಕೂಡಲೇ ಅರ್ಜಿ ಹಾಕುವುದು ಲೇಸು. ಸರ್ಕಾರಿ ಶಾಲೆಗಳಲ್ಲಿ 1ರಿಂದ 5ನೇ ತರಗತಿಯವರೆಗೆ ಪಾಠ ಹೇಳಲು ಡಿ.ಇಡಿ., 6ರಿಂದ 8ನೇ ತರಗತಿಗೆ ಪದವಿಯ ಜೊತೆ ಡಿ.ಇಡಿ. ಅಥವಾ ಬಿ.ಇಡಿ. ಆಗಿರಬೇಕು, ಎರಡಕ್ಕೂ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಆ ಪ್ರಮಾಣಪತ್ರ ಈಗ ಜೀವನಪರ್ಯಂತ ಊರ್ಜಿತವಾಗಿರುವುದರಿಂದ ಹಿಂದೆಂದೋ ಪಾಸಾದವರು ಮತ್ತೆ ಬರೆಯಬೇಕಾಗಿಲ್ಲ. ಚಾಲಕರ ವಿಷಯದಲ್ಲಿ, ಲಘು ವಾಹನದ ಲೈಸೆನ್ಸ್ ಇದ್ದವರೇ 7,500 ಕಿಲೊ ತೂಕದೊಳಗಿನ ಸಾರಿಗೆ ವಾಹನವನ್ನೂ ನಡೆಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಎತ್ತಿಹಿಡಿದಿದೆ. ಲಾರಿ, ಬಸ್ಸುಗಳಿಗೆ ಭಾರಿ ವಾಹನದ ಲೈಸೆನ್ಸೇ ಬೇಕು.

ಉದ್ಯಮಬಾಗ, ಮಚ್ಛೆ ಭಾಗದ ಫೌಂಡ್ರಿ, ಮಶೀನ್ ಶಾಪ್ ಮತ್ತು ಹೈಡ್ರಾಲಿಕ್ಸ್ ಕಾರ್ಖಾನೆಗಳಲ್ಲಿ ಲೆಕ್ಕ ಬೇರೆ. ಅಲ್ಲಿನ ಬೋರ್ಡುಗಳಲ್ಲಿ ‘ಐ.ಟಿ.ಐ. ಟರ್ನರ್, ಫಿಟ್ಟರ್, ಮಶಿನಿಸ್ಟ್, 2 ವರ್ಷ ಅನುಭವ’ ಎಂದಿರುತ್ತದೆ. ಅನುಭವ ಇಲ್ಲವೆಂದು ಗೇಟಿನಿಂದಲೇ ಹಿಂದಿರುಗುವ ಹುಡುಗರು ಬಹಳ ಜನ, ಹಾಗೆ ಮಾಡಬೇಡಿರಿ. ಬಹುತೇಕ ಕಡೆ ಸಂದರ್ಶನಕ್ಕಿಂತ ಟ್ರೇಡ್ ಟೆಸ್ಟೇ ತೀರ್ಮಾನ ಮಾಡುತ್ತದೆ. ಸೂಪರ್‌ವೈಸರ್ ಒಂದು ಶಾಫ್ಟನ್ನೂ ಅದರ ಡ್ರಾಯಿಂಗನ್ನೂ ಕೈಗೆ ಕೊಟ್ಟು, ವರ್ನಿಯರಿನಲ್ಲಿ ಉದ್ದ, ಮೈಕ್ರೊಮೀಟರಿನಲ್ಲಿ ವ್ಯಾಸ ಅಳೆದು ಹೇಳಲು ತಿಳಿಸುತ್ತಾರೆ. ಸಾಮಾನ್ಯ ವರ್ನಿಯರ್ 0.02 ಮಿ.ಮೀ.ವರೆಗೆ, ಮೈಕ್ರೊಮೀಟರ್ 0.01 ಮಿ.ಮೀ.ವರೆಗೆ ಅಳೆಯುತ್ತದೆ ಎಂಬುದು ಗೊತ್ತಿದ್ದರೆ ಸಾಲದು. ಅಳೆಯುವ ಮೊದಲು ಉಪಕರಣದ ದವಡೆ ಒರೆಸಿ, ಮುಚ್ಚಿ ಸೊನ್ನೆ ಸರಿಯಿದೆಯೇ ಎಂದು ನೋಡುವ ಕೈಯನ್ನು ಅವರು ಗಮನಿಸುತ್ತಾರೆ. ಆಮೇಲೆ ಡ್ರಾಯಿಂಗಿನಲ್ಲಿ ಬರೆದ ಟಾಲರೆನ್ಸಿನೊಳಗೆ, ಅಂದರೆ ಅನುಮತಿಸಿದ ಹೆಚ್ಚುಕಡಿಮೆಯೊಳಗೆ, ಆ ಅಳತೆ ಕೂಡುತ್ತದೆಯೋ ಇಲ್ಲವೋ ಎಂದು ಹೇಳಬೇಕು. ಇಷ್ಟನ್ನು ಗಾಬರಿಯಿಲ್ಲದೆ ಮಾಡಿದವನಿಗೆ ಅನುಭವ ಒಂದು ವರ್ಷ ಕಡಿಮೆಯಿದ್ದರೂ ಟ್ರೇನಿ ಎಂದಾದರೂ ಕರೆ ಬರುವ ಸಾಧ್ಯತೆ ಉಂಟು. ಸಿ.ಎನ್.ಸಿ. (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಆಪರೇಟರ್ ಹುದ್ದೆಗೆ ಇದರ ಮೇಲೆ ಟೂಲ್ ಆಫ್‌ಸೆಟ್, ಅಂದರೆ ಉಪಕರಣದ ಅಳತೆಯ ಹೊಂದಾಣಿಕೆಯನ್ನು ಯಂತ್ರಕ್ಕೆ ಕೊಡಲು ಬರುತ್ತದೆಯೇ ಎಂದು ಕೇಳುತ್ತಾರೆ. ಏನೂ ಅನುಭವವಿಲ್ಲದವರು 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡಿನ ಮೇಲೆ ಸೇರಿ ಕಲಿಯುವುದು, ಹೆಲ್ಪರ್ ಎಂದು ಸೇರಿ ಅಲ್ಲಿಯೇ ಉಳಿದುಬಿಡುವುದಕ್ಕಿಂತ ಮೇಲು ಎಂಬುದು ನಮ್ಮ ಅಭಿಪ್ರಾಯ. ಮರಾಠಿ ಬಾರದಿದ್ದರೆ ಇಲ್ಲಿ ಕೆಲಸವಿಲ್ಲ ಎಂಬ ಮಾತನ್ನು ನಂಬಬೇಕಾಗಿಲ್ಲ. ಆದರೂ ಶಾಪಿನಲ್ಲಿ ಕನ್ನಡ, ಮರಾಠಿ, ಹಿಂದಿ ಕೂಡಿಯೇ ಓಡಾಡುತ್ತವೆ, ನಾಲ್ಕು ಮಾತು ಕಲಿತರೆ ನಷ್ಟವೇನಿಲ್ಲ.

ದಾಖಲೆಗಳಲ್ಲಿ ಹೊಸಬರಿಗೆ ಹೆಚ್ಚು ತೊಡಕು ಕೊಡುವುದು ಹೆಸರು. ಮೈಸೂರು, ಹಾಸನ ಕಡೆಯಿಂದ ಬಂದವರ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಇನಿಷಿಯಲ್ ಇರುತ್ತದೆ, ಆಧಾರದಲ್ಲಿ ಅದು ಬಿಡಿಸಿ ಬರೆದಿರುತ್ತದೆ. ಈ ಭಾಗದ ಫಾರ್ಮುಗಳಲ್ಲಿಯೋ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು (ಮನೆತನದ ಹೆಸರು) ಎಂದು ಮೂರು ಮನೆಗಳು. ಅಡ್ಡಹೆಸರೇ ಇಲ್ಲದವರು ಆ ಜಾಗದಲ್ಲಿ ತೋಚಿದ್ದನ್ನು ಬರೆದರೆ ಮುಂದೆ ಪಿ.ಎಫ್., ಬ್ಯಾಂಕ್, ಪ್ಯಾನ್ ಮೂರೂ ಕಡೆ ಹೊಂದಿಕೆಯಾಗದೆ ತೊಂದರೆಯಾಗುತ್ತದೆ. ಎಲ್ಲ ಕಡೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿರುವಂತೆಯೇ ಬರೆಯಿರಿ, ಆಧಾರವನ್ನೂ ಅದಕ್ಕೆ ಹೊಂದಿಸಿಕೊಳ್ಳಿರಿ. ಹಿಂದಿನ ಕೆಲಸದ ರಿಲೀವಿಂಗ್ ಪತ್ರ, ಕೊನೆಯ ತಿಂಗಳುಗಳ ಸಂಬಳ ಚೀಟಿ ಇವನ್ನು ಊರು ಬಿಡುವಾಗಲೇ ಕೇಳಿ ಪಡೆದಿರಬೇಕು.

ಸರ್ಕಾರಿ ಹುದ್ದೆಗಳಲ್ಲಿ ಅಧಿಸೂಚನೆಯೇ ಶಾಸನ. ವಿದ್ಯಾರ್ಹತೆಯನ್ನು ಸಾಮಾನ್ಯವಾಗಿ ಅರ್ಜಿಯ ಕೊನೆಯ ದಿನಕ್ಕೆ ನೋಡುತ್ತಾರೆ. ಫಲಿತಾಂಶ ಮುಂದಿನ ವಾರ ಬರಲಿದೆ ಎಂಬುದು ನಡೆಯುವುದಿಲ್ಲ. ರಾಜ್ಯದ ಸಾಮಾನ್ಯ ನಿಯಮದಂತೆ ಗರಿಷ್ಠ ವಯಸ್ಸು ಸಾಮಾನ್ಯ ವರ್ಗಕ್ಕೆ 35, ಪ್ರವರ್ಗ 2ಎ, 2ಬಿ, 3ಎ, 3ಬಿಗೆ 38, ಪರಿಶಿಷ್ಟ ಜಾತಿ, ಪಂಗಡ ಹಾಗೂ ಪ್ರವರ್ಗ 1ಕ್ಕೆ 40 ವರ್ಷ. ಸರ್ಕಾರ ಆಗಾಗ ಸಡಿಲಿಕೆ ಕೊಡುವುದರಿಂದ ಆಯಾ ಅಧಿಸೂಚನೆಯನ್ನೇ ನೋಡಿಕೊಳ್ಳಬೇಕು.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ಬಿಡಿಸಿ ಹೇಳಬೇಕಾಗಿದೆ. ಸಂವಿಧಾನದ 371ಜೆ ವಿಧಿಯ ಮೀಸಲಾತಿ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳದ್ದು. ಉತ್ತರ ಕರ್ನಾಟಕವೆಂದ ಮಾತ್ರಕ್ಕೆ ಬೆಳಗಾವಿ, ಬಾಗಲಕೋಟೆ, ವಿಜಯಪುರಗಳು ಅದರಲ್ಲಿ ಸೇರಿಲ್ಲ. ಆ ಏಳು ಜಿಲ್ಲೆಗಳಲ್ಲಿ ಹುಟ್ಟಿದವರ ಅರ್ಹತೆ ಬೆಳಗಾವಿಗೆ ಮನೆ ಬದಲಿಸಿದ್ದರಿಂದ ಹೋಗುವುದೂ ಇಲ್ಲ. ಎರಡನೆಯದು, ಜತ್ತ, ಅಕ್ಕಲಕೋಟ, ಸೊಲ್ಲಾಪುರದಿಂದ ಬಂದ ನಮ್ಮ ಕನ್ನಡ ಕುಟುಂಬಗಳಿಗೆ ಸಂಬಂಧಿಸಿದ್ದು. ಮಹಾರಾಷ್ಟ್ರದಲ್ಲಿ ಪಡೆದ ಜಾತಿ ಪ್ರಮಾಣಪತ್ರದ ಮೇಲೆ ಕರ್ನಾಟಕದ ಹುದ್ದೆಗಳಲ್ಲಿ ಮೀಸಲಾತಿ ದೊರೆಯುವುದಿಲ್ಲ. ಇದು ಕಹಿಯಾದರೂ ಮೊದಲೇ ತಿಳಿದಿರುವುದು ಒಳ್ಳೆಯದು. ಏಕೆಂದರೆ ಮೂಲ ದಾಖಲೆ ಪರಿಶೀಲನೆಯ ದಿನ ಮೇಜಿನ ಮುಂದೆ ತಿಳಿದರೆ ಮಾಡಲು ಏನೂ ಉಳಿದಿರುವುದಿಲ್ಲ.

ಗ್ರಾಮೀಣ ಮೀಸಲಾತಿಗೂ ಕನ್ನಡ ಮಾಧ್ಯಮದ ಮೀಸಲಾತಿಗೂ 1ರಿಂದ 10ನೇ ತರಗತಿಯವರೆಗೆ ಓದಿದ ಶಾಲೆಗಳ ಮುಖ್ಯೋಪಾಧ್ಯಾಯರ ಸಹಿ ಬೇಕು, ಗ್ರಾಮೀಣ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯೂ ಬೇಕು. ಊರಿಗೆ ಜಾತ್ರೆಗೋ ಹಬ್ಬಕ್ಕೋ ಹೋದಾಗ ಶಾಲೆ ತೆರೆದಿರುವ ದಿನ ನೋಡಿಕೊಂಡು ಇವನ್ನು ಮಾಡಿಸಿಕೊಳ್ಳಿರಿ. ಜಾತಿ, ಆದಾಯ ಪ್ರಮಾಣಪತ್ರಗಳಿಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಬಹುದು.

ಕೆಲಸ ಸಿಕ್ಕ ಮೇಲೆ ಹಳೆಯ ಯು.ಎ.ಎನ್. (ಪಿ.ಎಫ್. ಖಾತೆಯ ಕಾಯಂ ಸಂಖ್ಯೆ) ಸಂಖ್ಯೆಯನ್ನೇ ಕೊಡಬೇಕು. ಹೊಸ ಸಂಖ್ಯೆ ಮಾಡಿಸಿಕೊಂಡರೆ ಹಿಂದಿನ ಪಿ.ಎಫ್. ಹಣ ಬೇರೆಯೇ ಉಳಿಯುತ್ತದೆ. ಇ.ಎಸ್.ಐ. (ನೌಕರರ ಆರೋಗ್ಯ ವಿಮೆ) ಅನ್ವಯವಾಗುವ ಕಡೆ ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರು ಅದರ ವ್ಯಾಪ್ತಿಗೆ ಬರುತ್ತಾರೆ. ಗುತ್ತಿಗೆದಾರರ ಕೈಕೆಳಗೆ ಸೇರುವವರು ಈ ಎರಡರ ಬಗ್ಗೆಯೂ ಮೊದಲ ದಿನವೇ ಕೇಳಿಕೊಳ್ಳಲಿ. ನೇಮಕಾತಿಗೆ ಠೇವಣಿ, ಯೂನಿಫಾರ್ಮ್ ಶುಲ್ಕ, ‘ಮೇಲಿನವರಿಗೆ’ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿರಿ, ಮೂಲ ಅಂಕಪಟ್ಟಿಯನ್ನೂ ಬಿಟ್ಟು ಬರಬೇಡಿರಿ. ಪರಿಶೀಲನೆಗೆ ಮೂಲ ಪ್ರತಿ ತೋರಿಸಿ, ಸ್ವಯಂ ದೃಢೀಕರಿಸಿದ ನಕಲನ್ನು ಕೊಟ್ಟು, ಮೂಲವನ್ನು ಅಂದೇ ಮರಳಿ ಪಡೆಯಬೇಕು.