ಚಿಂತಾಮಣಿಯಲ್ಲಿ ಗರಿಕೆ ಲಾನ್: ನನ್ನ ಅನುಭವ

ಮನೆ ಮುಂದೆ ಲಾನ್ ಹಾಕಬೇಕು ಅಂದರೆ ಎಲ್ಲರೂ ಮೊದಲು ಕೇಳುವುದು ಯಾವ ಹುಲ್ಲು ಅಂತ. ನಮ್ಮ ಚಿಂತಾಮಣಿ ಕಡೆ ಮೊದಲು ಕೇಳಬೇಕಾದ್ದು ನೀರು ಎಷ್ಟಿದೆ ಅಂತ. ವರ್ಷವಿಡೀ ಹರಿಯುವ ನದಿ ಇಲ್ಲ, ನಾಲೆ ಇಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಸಿಕ್ಕೇ ಸಿಗುತ್ತದೆ ಅಂತ ಯಾರೂ ಬರೆದುಕೊಡಲ್ಲ. ಅದಕ್ಕೇ ನಾನು ಲೆಕ್ಕದಿಂದ ಶುರು ಮಾಡಿದೆ. 100 ಚದರ ಅಡಿಗೆ ಒಂದು ಇಂಚು ನೀರು, ಅಂದರೆ ಅಷ್ಟು ಜಾಗದಲ್ಲಿ ಒಂದು ಇಂಚು ಎತ್ತರಕ್ಕೆ ನಿಲ್ಲುವಷ್ಟು ನೀರು ಕೊಡಲು ಸುಮಾರು 236 ಲೀಟರ್ ಬೇಕು. ಬೇಸಿಗೆಯಲ್ಲೂ ಹುಲ್ಲು ಹಸಿರಾಗಿರಬೇಕು ಅಂದರೆ ವಾರಕ್ಕೆ ಹೆಚ್ಚುಕಮ್ಮಿ ಅಷ್ಟು ಹಿಡಿಯುತ್ತದೆ. ಇದ್ದ 600 ಚದರ ಅಡಿ ಜಾಗದಲ್ಲಿ ಅರ್ಧ ಮಾತ್ರ ಲಾನ್‌ಗೆ ಬಿಟ್ಟೆ. ಬೇವಿನ ಮರದ ನೆರಳು ಬೀಳುವ ಉಳಿದರ್ಧಕ್ಕೆ ಕಲ್ಲು ಚಪ್ಪಡಿ ಹಾಸಿಸಿದೆ.

ನರ್ಸರಿಯವರು ಮೆಕ್ಸಿಕನ್ ಗ್ರಾಸ್ ತೋರಿಸಿದರು. ನೋಡಲು ಚೆಂದ, ಕಾಲಿಗೆ ಮೆತ್ತಗೆ. ಆದರೆ ನೀರು ತಪ್ಪಿದರೆ ತಡೆದುಕೊಳ್ಳುವುದರಲ್ಲಿ ಗರಿಕೆಯ ಮುಂದೆ ಅದು ನಿಲ್ಲಲ್ಲ. ಬೋರ್ ನೀರಿನ ಉಪ್ಪನ್ನೂ ಗರಿಕೆ ಚೆನ್ನಾಗಿಯೇ ತಡೆಯುತ್ತದೆ. ಅದು ಕೇಳುವುದು ಬಿಸಿಲು ಮಾತ್ರ. ನಾಟಿಗೆ ಬಂದ ಆಳು ಹೆಂಗಸು ನಕ್ಕುಬಿಟ್ಟಳು: "ಏನಕ್ಕಾ, ರಾಗಿ ಹೊಲದಲ್ಲಿ ನಾವು ಕಿತ್ತು ಬಿಸಾಕೋದನ್ನ ನೀವು ಕೂಲಿ ಕೊಟ್ಟು ನೆಡಿಸ್ತೀರಲ್ಲ!" ನಿಜವೇ. ಹೊಲದಲ್ಲಿ ಕಾಟ ಕೊಡುವ ಆ ಹಟವೇ ಲಾನ್‌ಗೆ ಬೇಕಾದ್ದು.

ನಾಟಿಗಿಂತ ದೊಡ್ಡ ಕೆಲಸ ಅಂದರೆ ಜೇಕು ಅನ್ನುವ ಗೆಡ್ಡೆ ಕಳೆ ತೆಗೆಯುವುದು. ಮೇಲಿನ ಎಲೆ ಹಿಡಿದು ಎಳೆದರೆ ಗರಿ ಮಾತ್ರ ಕೈಗೆ ಬರುತ್ತದೆ. ಕೆಳಗೆ ದಾರದಂಥ ಬೇರಿಗೆ ಪೋಣಿಸಿಕೊಂಡ ಕಪ್ಪು ಗೆಡ್ಡೆಗಳು ಹಾಗೇ ಉಳಿದು ಮತ್ತೆ ಚಿಗುರುತ್ತವೆ. ಏಪ್ರಿಲ್‌ನಲ್ಲಿ ಒಂದು ಅಡಿ ಆಳ ಅಗೆಸಿ, ಹೆಂಟೆ ಒಡೆದು, ಗೆಡ್ಡೆಗಳನ್ನು ಮೇಲೆ ತಂದು ಬಿಸಿಲಿಗೆ ಬಿಟ್ಟೆ. ಚೆನ್ನಾಗಿ ಒಣಗಿದರೆ ಗೆಡ್ಡೆ ಸಾಯುತ್ತದೆ. ಆಮೇಲೆ ಸುಮ್ನೆ ನೀರು ಹಾಯಿಸಿ, ಮೊಳೆತ ಕಳೆಯನ್ನೆಲ್ಲ ಬೇರುಸಮೇತ ಕೀಳಿಸಿದೆ. ಇದನ್ನೇ ಮತ್ತೆ ಮಾಡಿದೆ. ಹಾಕಿದ ಮೇಲೆ ಜೇಕು ತೆಗೆಯುತ್ತೇನೆ ಅನ್ನುವವರು ಲಾನ್ ಹಾಕದೇ ಇರುವುದೇ ವಾಸಿ. ಕೊಟ್ಟಿಗೆ ಗೊಬ್ಬರ ಪೂರ್ತಿ ಕಳಿತಿರಬೇಕು. ಹಸಿ ಗೊಬ್ಬರದ ಜೊತೆ ಕಳೆ ಬೀಜವೂ ಬರುತ್ತದೆ, ಗೆದ್ದಲೂ ಬರುತ್ತದೆ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನಾಟಿ. ಗರಿಕೆ ಬಳ್ಳಿಯನ್ನು ಎರಡು ಮೂರು ಗೆಣ್ಣು ಇರುವಂತೆ ತುಂಡು ಮಾಡಿ, ನಾಲ್ಕು ಇಂಚಿಗೊಂದರಂತೆ, ಒಂದು ಗೆಣ್ಣು ಮಣ್ಣಿನೊಳಗೆ ಹೋಗುವ ಹಾಗೆ ಊರಿಸಿದೆ. ಬೇರು ಹಿಡಿಯುವವರೆಗೆ ದಿನಾ ನೀರು. ಸೆಪ್ಟೆಂಬರ್, ಅಕ್ಟೋಬರ್ ನಮ್ಮ ಕಡೆ ಒಳ್ಳೆ ಮಳೆಗಾಲ ಅಲ್ವಾ, ನೆಲ ಮುಚ್ಚಿಕೊಂಡಿದ್ದು ಆಗಲೇ.

ಬೇರು ಹಿಡಿದ ಮೇಲೆ ದಿನಾ ಸಂಜೆ ಪೈಪ್ ಹಿಡಿದು ಚಿಮುಕಿಸುವ ಅಭ್ಯಾಸ ಬಿಡಬೇಕು. ಮೇಲೆಮೇಲೆ ನೆನೆದರೆ ಬೇರೂ ಮೇಲೆಯೇ ಉಳಿಯುತ್ತದೆ. ನಾನು ವಾರಕ್ಕೆ ಎರಡು ಸಲ, ಬೆಳಿಗ್ಗೆ ಕೊಡುತ್ತೇನೆ. ನಮ್ಮ ಕೆಮ್ಮಣ್ಣು ಒಣಗಿದಾಗ ಹೆಪ್ಪುಗಟ್ಟುತ್ತದೆ, ನೀರು ಇಂಗದೆ ಗೇಟಿನ ಕಡೆ ಓಡುತ್ತದೆ. ಓಡಲು ಶುರುವಾದ ತಕ್ಷಣ ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಬಿಡುತ್ತೇನೆ. ಆಮೇಲೆ ಉದ್ದದ ಸ್ಕ್ರೂಡ್ರೈವರ್ ಚುಚ್ಚಿ ನೋಡುವುದು. ನಾಲ್ಕೈದು ಇಂಚು ಸಲೀಸಾಗಿ ಇಳಿದರೆ ಸಾಕು. ಆರ್‌ಓ ಮಿಷನ್ ಹೊರಗೆ ಬಿಡುವ ನೀರನ್ನು ಲಾನ್‌ಗೆ ಬಿಡಬೇಡಿ. ಬೋರ್ ನೀರಿನ ಉಪ್ಪೆಲ್ಲ ಅದರಲ್ಲೇ ಸೇರಿರುತ್ತದೆ.

ಕತ್ತರಿಸುವಾಗ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಲ್ಲ. ಮಳೆಗಾಲದಲ್ಲಿ ಒಂದೂವರೆ ಇಂಚು, ಬೇಸಿಗೆಯಲ್ಲಿ ಎರಡು ಇಂಚು ಉಳಿಸುತ್ತೇನೆ. ಬ್ಲೇಡು ಮೊಂಡಾದರೆ ತುದಿ ಹರಿದು ಬೆಳ್ಳಗಾಗುತ್ತದೆ. ಕತ್ತರಿಸಿದ ಚೂರು ಅಲ್ಲೇ ಬಿದ್ದಿರಲಿ, ಅದೂ ಗೊಬ್ಬರವೇ. ಗಣೇಶ ಹಬ್ಬದ ಹಿಂದಿನ ವಾರ ಮಾತ್ರ ಮಿಷನ್ ಮುಟ್ಟಲ್ಲ. ಪೂಜೆಗೆ ಗರಿಕೆ ಕೇಳಿಕೊಂಡು ಬೀದಿಯವರೆಲ್ಲ ಬರುತ್ತಾರೆ. ಯೂರಿಯಾ ಮಳೆಗಾಲದಲ್ಲಷ್ಟೇ, ಹತ್ತು ಚದರ ಅಡಿಗೆ ಐದು ಗ್ರಾಂ. ಎಲೆ ಒಣಗಿದ್ದಾಗ ಚೆಲ್ಲಿ ತಕ್ಷಣ ನೀರು ಕೊಡುತ್ತೇನೆ, ಇಲ್ಲದಿದ್ದರೆ ಹುಲ್ಲು ಸುಡುತ್ತದೆ. ಡಿಸೆಂಬರ್ ಚಳಿಗೆ ಗರಿಕೆ ಬೆಳೆಯುವುದು ನಿಧಾನ. ಆಗ ಯೂರಿಯಾ ಹಾಕುವುದು ದಂಡ.

ಮಾರ್ಚ್ ದಾಟಿದ ಮೇಲೆ ಟ್ಯಾಂಕರ್ ತರಿಸಿ ಹುಲ್ಲು ಹಸಿರಾಗಿಡುವುದಕ್ಕೆ ನಾನು ಒಪ್ಪಲ್ಲ. ಕಂದಲಿ ಬಿಡಿ. ಒಂದು ಬಳ್ಳಿ ಕಿತ್ತು ಗೆಣ್ಣನ್ನು ಉಗುರಿನಿಂದ ಗೀರಿ ನೋಡಿದರೆ ಒಳಗೆ ಹಸಿ ಇರುತ್ತದೆ. ಎರಡು ಮೂರು ವಾರಕ್ಕೊಮ್ಮೆ ಅರ್ಧ ಇಂಚು ನೀರು ಕೊಟ್ಟರೆ ಜೀವ ಹಿಡಿದುಕೊಂಡಿರುತ್ತದೆ, ಮಳೆ ಬಿದ್ದರೆ ಚಿಗುರುತ್ತದೆ. ಮಳೆ ಬಂದ ಮೇಲೂ ಒಂದು ಕಡೆ ಹಳದಿಯಾಗೇ ಇದ್ದು, ಎಳೆದರೆ ಚಾಪೆಯ ಹಾಗೆ ಮೇಲೆದ್ದು ಬಂದರೆ ಅದು ನೀರಿನ ಕೊರತೆ ಅಲ್ಲ. ಗೊಣ್ಣೆಹುಳು ಬೇರು ತಿಂದಿದೆ. ಅಲ್ಲಿ ಮಣ್ಣು ಕೆದಕಿ, ಕೈಗೆ ಸಿಕ್ಕ ಹುಳ ಆರಿಸಿ ತೆಗೆದು, ಬೇವಿನ ಹಿಂಡಿ ಬೆರೆಸಿ, ಪಕ್ಕದ ಬಳ್ಳಿಯನ್ನೇ ತಂದು ಊರಿದರೆ ಆಯಿತು.