ಮಸೂದೆಯ ಬೆನ್ನು ಹತ್ತುವುದು, ಶಾಸಕರಿಗೆ ಬರೆಯುವುದು: ದಕ್ಷಿಣ ಕನ್ನಡ–ಉಡುಪಿಯ ಮತದಾರರಿಗೆ

ಮೊದಲು ಗೊತ್ತಾಗಬೇಕಾದ್ದು, ವಿಷಯ ಯಾರ ಕೈಯಲ್ಲಿದೆ ಎನ್ನುವುದು. ಹೆಜಮಾಡಿಯ ಟೋಲ್, ಹೆದ್ದಾರಿ 66ರ ಸರ್ವಿಸ್ ರಸ್ತೆ, ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಇವೆಲ್ಲ ದೆಹಲಿಯವು. ಇವಕ್ಕಾಗಿ ಶಾಸಕರ ಕಚೇರಿಗೆ ಹೋದರೆ ಹೆಚ್ಚೆಂದರೆ ಒಂದು ಶಿಫಾರಸು ಪತ್ರ ಸಿಗಬಹುದು. ಹೋಗಬೇಕಾದ್ದು ಸಂಸದರ ಬಳಿ. ಜಮೀನು, ಪೊಲೀಸ್, ಪಂಚಾಯತ್ ಮತ್ತು ನಗರಸಭೆ, ಅಬಕಾರಿ, ಕೃಷಿ, ಸರಕಾರಿ ಆಸ್ಪತ್ರೆ ರಾಜ್ಯದವು. ಮೀನುಗಾರಿಕೆ ಎರಡು ಪಾಲಾಗಿದೆ: ತೀರದಿಂದ 12 ನಾಟಿಕಲ್ ಮೈಲಿವರೆಗೆ ರಾಜ್ಯದ ಕಾನೂನು, ಅದರಾಚೆ ಕೇಂದ್ರದ್ದು. ಶಿಕ್ಷಣ, ಅರಣ್ಯ, ಕಾರ್ಮಿಕ, ಪ್ರಾಣಿಹಿಂಸೆ ತಡೆ ಸಮವರ್ತಿ ಪಟ್ಟಿಯಲ್ಲಿವೆ, ಅಂದರೆ ಕೇಂದ್ರ, ರಾಜ್ಯ ಎರಡಕ್ಕೂ ಸೇರಿದವು. ಅಲ್ಲಿ ರಾಜ್ಯ ಕಾನೂನು ಮಾಡಬಹುದು, ಆದರೆ ಕೇಂದ್ರದ ಕಾನೂನಿಗೆ ತಾಗಿದರೆ ರಾಷ್ಟ್ರಪತಿಗಳ ಅಂಕಿತ ಬೇಕು.

ಕಂಬಳದ ಕತೆ ಕರಾವಳಿಯವರಿಗೆಲ್ಲ ಗೊತ್ತು, ಆದರೆ ಅದರೊಳಗಿನ ಕಾನೂನಿನ ಹಾದಿಯನ್ನು ಗಮನಿಸಿದವರು ಕಡಿಮೆ. ಕಂಬಳಕ್ಕೆ ಅವಕಾಶ ಕೊಡುವ ತಿದ್ದುಪಡಿಗೆ ರಾಜ್ಯದ ಉಭಯ ಸದನಗಳ ಒಪ್ಪಿಗೆ ಸಿಕ್ಕಿದ್ದು 2017ರ ಫೆಬ್ರುವರಿಯಲ್ಲಿ. ಕೇಂದ್ರದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಾಗುವ ತಿದ್ದುಪಡಿಯಾದ್ದರಿಂದ ಅದು ದೆಹಲಿಯಲ್ಲಿ ಸಿಕ್ಕಿಕೊಂಡಿತು. ಜುಲೈಯಲ್ಲಿ ಸುಗ್ರೀವಾಜ್ಞೆ ಬಂತು, ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2018ರಲ್ಲಿ, ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 2023ರ ಮೇ 18ರಂದು. ಆದ್ದರಿಂದ ಪತ್ರಿಕೆಯಲ್ಲಿ ‘ಮಸೂದೆ ಅಂಗೀಕಾರ’ ಎಂದು ಓದಿದ ಕೂಡಲೇ ಕಾನೂನು ಆಯಿತು ಎಂದುಕೊಳ್ಳಬೇಡಿ.

ಎಲ್ಲಿ ನೋಡಬೇಕು

ಮೂರು ಜಾಲತಾಣ ಸಾಕು. ವಿಧಾನಸಭೆಯದ್ದರಲ್ಲಿ ಆಯಾ ದಿನದ ಕಾರ್ಯಕಲಾಪಗಳ ಪಟ್ಟಿ, ಮಂಡನೆಯಾದ ವಿಧೇಯಕಗಳು ಮತ್ತು ಪ್ರಶ್ನೋತ್ತರ ಸಿಗುತ್ತವೆ. ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ತಾಣದಲ್ಲಿ ಜಾರಿಯಲ್ಲಿರುವ ಕಾಯ್ದೆಗಳ ಪೂರ್ಣ ಪಾಠವಿದೆ. ಇ-ರಾಜ್ಯಪತ್ರದಲ್ಲಿ ಸುಗ್ರೀವಾಜ್ಞೆ, ಅಧಿಸೂಚನೆ, ನಿಯಮಗಳ ಕರಡು ಬರುತ್ತವೆ. ಪತ್ರಿಕೆಗಳ ‘ಮಸೂದೆ’, ‘ಕಾಯ್ದೆ’ ಹಾಕಿ ಹುಡುಕಿದರೆ ಅಲ್ಲಿ ಏನೂ ಸಿಗದಿರಬಹುದು. ‘ವಿಧೇಯಕ’, ‘ಅಧಿನಿಯಮ’ ಎಂದು ಹುಡುಕಿ. ವಿಧೇಯಕದ ಸಂಖ್ಯೆ ಮತ್ತು ವರ್ಷ ಸಿಕ್ಕರೆ ಬರೆದಿಟ್ಟುಕೊಳ್ಳಿ. ಒಂದೇ ಕಾಯ್ದೆಗೆ ಒಂದೇ ವರ್ಷದಲ್ಲಿ ‘ತಿದ್ದುಪಡಿ’, ‘ಎರಡನೇ ತಿದ್ದುಪಡಿ’ ಎಂದು ಬರುವುದುಂಟು. ಸಂಖ್ಯೆ ಇಲ್ಲದಿದ್ದರೆ ನೀವು ಹೇಳುವುದು ಒಂದು, ಅವರು ತೆಗೆದು ನೋಡುವುದು ಇನ್ನೊಂದು.

ವಿಧೇಯಕವನ್ನು ಮೊದಲ ಪುಟದಿಂದ ಓದಲು ಹೊರಟರೆ ತಲೆಬುಡ ತಿಳಿಯುವುದಿಲ್ಲ. ‘3ನೇ ಪ್ರಕರಣದ (ಬಿ) ಖಂಡದಲ್ಲಿ ಇಂಥ ಪದಗಳ ಬದಲಾಗಿ’ ಎಂಬ ಸಾಲುಗಳೇ ತುಂಬಿರುತ್ತವೆ. ಹಿಂದಿನಿಂದ ಬನ್ನಿ. ಕೊನೆಯಲ್ಲಿರುವ ಉದ್ದೇಶ ಮತ್ತು ಕಾರಣಗಳ ಹೇಳಿಕೆಯನ್ನು ಮೊದಲು ಓದಿ. ಅದಾದ ಮೇಲೆ ಅನುಬಂಧ: ಈಗಿರುವ ಪ್ರಕರಣದ ಪಾಠ ಅಲ್ಲಿರುತ್ತದೆ, ಹೊಸ ಪದಗಳನ್ನು ಪೆನ್ಸಿಲಿನಲ್ಲಿ ಅದರ ಮೇಲೆಯೇ ಗುರುತು ಹಾಕಿದರೆ ವ್ಯತ್ಯಾಸ ಕಾಣುತ್ತದೆ. ಆಮೇಲೆ ಪ್ರತ್ಯಾಯೋಜಿತ ಶಾಸನದ ಜ್ಞಾಪನ ಪತ್ರ. ಯಾವ ಯಾವ ವಿಚಾರವನ್ನು ಸರಕಾರ ನಿಯಮದ ಮೂಲಕ ಮುಂದೆ ತೀರ್ಮಾನಿಸಲಿದೆ ಎನ್ನುವುದು ಅದರಲ್ಲಿದೆ. ಶುಲ್ಕ, ಅವಧಿ, ದಂಡದ ಮೊತ್ತದಂಥ ಜನರಿಗೆ ತಟ್ಟುವ ಸಂಗತಿ ಹೆಚ್ಚಾಗಿ ಅಡಗಿರುವುದೇ ಅಲ್ಲಿ.

ಮನೆ ಕಟ್ಟುವವರನ್ನು ಕಾಡುವ 9/11 ತೊಡಕನ್ನೇ ನೋಡಿ. ಆಸ್ತಿಯ ದಾಖಲೆಗಳಾದ ನಮೂನೆ 9 ಮತ್ತು 11 ಸಿಗುವುದು ಗ್ರಾಮ ಪಂಚಾಯತ್‌ನಲ್ಲಿ, 1993ರ ಪಂಚಾಯತ್ ರಾಜ್ ಕಾಯ್ದೆಯ ವ್ಯವಸ್ಥೆಯಂತೆ. ನಿವೇಶನ ವಿನ್ಯಾಸದ (ಲೇಔಟ್) ಅನುಮೋದನೆ ಬರುವುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಿಂದ. ಎರಡೂ ಬೇರೆ ಬೇರೆ ಇಲಾಖೆಗಳು. ‘9/11 ಸರಿ ಮಾಡಿ’ ಎಂದಷ್ಟೇ ಬರೆದರೆ ಪತ್ರ ಒಂದು ಇಲಾಖೆಯಿಂದ ಇನ್ನೊಂದಕ್ಕೆ ಅಲೆಯುತ್ತದೆ. ತೊಂದರೆ ಕಾಯ್ದೆಯಲ್ಲಿದೆಯೋ, ನಿಯಮದಲ್ಲಿದೆಯೋ, ಬರೀ ಸುತ್ತೋಲೆಯಲ್ಲಿದೆಯೋ ಎಂದು ನೋಡಿಕೊಳ್ಳಿ. ಸುತ್ತೋಲೆಯನ್ನು ಇಲಾಖೆಯೇ ಬದಲಿಸಬಹುದು. ಅದಕ್ಕೆ ಸದನ ಬೇಕಿಲ್ಲ.

ಯಾವಾಗ ಬರೆಯಬೇಕು

ಮಂಡನೆಯಾಗುವ ಮೊದಲು. ಇದೊಂದನ್ನು ಬಿಟ್ಟರೆ ಉಳಿದದ್ದಕ್ಕೆಲ್ಲ ಅರ್ಧ ಬೆಲೆ. ವಿಪ್ (ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ) ಜಾರಿಯಾದ ಮೇಲೆ ಶಾಸಕರು ಪಕ್ಷದ ವಿರುದ್ಧ ಮತ ಹಾಕಿದರೆ 1985ರ ಪಕ್ಷಾಂತರ ನಿಷೇಧ ಕಾನೂನಿನಡಿ ಸ್ಥಾನಕ್ಕೇ ಸಂಚಕಾರ. ‘ವಿರೋಧಿಸಿ ಮತ ಹಾಕಿ’ ಎಂದು ಆಡಳಿತ ಪಕ್ಷದ ಶಾಸಕರಿಗೆ ಬರೆದ ಪತ್ರ ಆದ್ದರಿಂದ ವ್ಯರ್ಥ. ಶಾಸಕಾಂಗ ಪಕ್ಷದ ಸಭೆಯಲ್ಲಿ ಎತ್ತಿ, ಸಚಿವರ ಗಮನಕ್ಕೆ ತನ್ನಿ, ಇಂಥ ಖಂಡಕ್ಕೆ ತಿದ್ದುಪಡಿ ಸೂಚಿಸಿ ಎಂದರೆ ಅವರ ಕೈಯಲ್ಲಾಗುವ ಕೆಲಸ ಕೇಳಿದಂತಾಗುತ್ತದೆ.

ಸ್ಥಳೀಯರಿಗೆ ಉದ್ಯೋಗ ಮೀಸಲಾತಿಯ ಮಸೂದೆಗೆ 2024ರ ಜುಲೈಯಲ್ಲಿ ಸಂಪುಟ ಒಪ್ಪಿತ್ತು. ಉದ್ಯಮಗಳ ವಿರೋಧ ಬಂದ ಕೆಲವೇ ದಿನಗಳಲ್ಲಿ ತಡೆಹಿಡಿಯಲಾಯಿತು. ಸದನಕ್ಕೆ ಬಂದಮೇಲೆ ಹಾಗೆ ನಿಲ್ಲಿಸುವುದು ಸುಲಭವಲ್ಲ, ಹಲವು ವಿಧೇಯಕಗಳು ಒಂದೆರಡು ದಿನದಲ್ಲೇ, ಕೆಲವೊಮ್ಮೆ ಗದ್ದಲದ ನಡುವೆಯೇ ದಾಟಿಹೋಗುತ್ತವೆ. ಕರಡಿನ ಹಂತದಲ್ಲಿ ಕೊಡುವ ಗಡುವೂ ಚಿಕ್ಕದು. ಗಿಗ್ ಕಾರ್ಮಿಕರ (ಆ್ಯಪ್ ಮೂಲಕ ಕೆಲಸ ಮಾಡುವವರ) ವಿಧೇಯಕದ ಕರಡನ್ನು 2024ರ ಜೂನ್ ಕೊನೆಯಲ್ಲಿ ಪ್ರಕಟಿಸಿದಾಗ ಅಭಿಪ್ರಾಯಕ್ಕೆ ಸಿಕ್ಕಿದ್ದು ಸುಮಾರು ಹತ್ತು ದಿನ. ವಿಧೇಯಕ ಜಂಟಿ ಪರಿಶೀಲನಾ ಸಮಿತಿಗೆ ಹೋದರೆ ಮಾತ್ರ ಉಸಿರಾಡಲು ಸಮಯ ಸಿಗುತ್ತದೆ: ಗ್ರೇಟರ್ ಬೆಂಗಳೂರು ಆಡಳಿತ ವಿಧೇಯಕ 2024ರ ಜುಲೈಯಲ್ಲಿ ಸಮಿತಿಗೆ ಹೋಗಿ, ಅಂಗೀಕಾರವಾದದ್ದು 2025ರ ಮಾರ್ಚಿನಲ್ಲಿ.

ವಿಧಾನ ಪರಿಷತ್ತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸಾಮಾನ್ಯ ವಿಧೇಯಕವನ್ನು ಅದು ಮೊದಲ ಸಲ ಮೂರು ತಿಂಗಳವರೆಗೆ, ವಿಧಾನಸಭೆ ಮತ್ತೆ ಅಂಗೀಕರಿಸಿ ಕಳಿಸಿದರೆ ಇನ್ನೊಂದು ತಿಂಗಳವರೆಗೆ ತಡೆಯಬಹುದು. ಧನ ವಿಧೇಯಕವಾದರೆ (ಮನಿ ಬಿಲ್) 14 ದಿನ ಮಾತ್ರ.

ಯಾರಿಗೆ ಬರೆಯಬೇಕು

ಎರಡು ಜಿಲ್ಲೆ ಸೇರಿ 13 ವಿಧಾನಸಭಾ ಕ್ಷೇತ್ರ: ದಕ್ಷಿಣ ಕನ್ನಡದಲ್ಲಿ 8, ಉಡುಪಿಯಲ್ಲಿ 5. ಮಂಗಳೂರಿನವರಿಗೆ ಗೊಂದಲ ಹೆಚ್ಚು. ಮಂಗಳೂರು ನಗರ ಉತ್ತರ, ಮಂಗಳೂರು ನಗರ ದಕ್ಷಿಣ ಬೇರೆ; ಬರೀ ‘ಮಂಗಳೂರು’ ಎಂಬ ಕ್ಷೇತ್ರವೆಂದರೆ ಉಳ್ಳಾಲದ ಕಡೆ. ಮತದಾರರ ಚೀಟಿಯ ಎಪಿಕ್ ಸಂಖ್ಯೆಯನ್ನು ಚುನಾವಣಾ ಆಯೋಗದ ತಾಣದಲ್ಲಿ ಹಾಕಿದರೆ ಕ್ಷೇತ್ರ, ಮತದಾರರ ಪಟ್ಟಿಯ ಭಾಗ ಸಂಖ್ಯೆ ಎರಡೂ ಬರುತ್ತವೆ.

ನಿಮ್ಮ ಶಾಸಕರು ಸಚಿವರೋ ಸಭಾಧ್ಯಕ್ಷರೋ ಆಗಿದ್ದರೆ ಅವರು ಪ್ರಶ್ನೆ ಕೇಳುವುದಿಲ್ಲ. ಉಳ್ಳಾಲದ ಕಡೆಯ ಶಾಸಕರಾದ ಯು.ಟಿ. ಖಾದರ್ 2023ರ ಮೇಯಲ್ಲಿ ಸಭಾಧ್ಯಕ್ಷರಾಗಿ ಆಯ್ಕೆಯಾದರು. ಆ ಪೀಠದಲ್ಲಿ ಕೂತವರು ಚರ್ಚೆಗಿಳಿಯುವಂತಿಲ್ಲ, ಮತ ಸಮಬಲವಾದಾಗಷ್ಟೇ ಮತ ಹಾಕುತ್ತಾರೆ. ಅಂಥ ಕಡೆ ಪಕ್ಕದ ಕ್ಷೇತ್ರದವರನ್ನೋ ಪರಿಷತ್ ಸದಸ್ಯರನ್ನೋ ಹಿಡಿಯಬೇಕು. ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ನಮಗೆ ಇಬ್ಬರಿದ್ದಾರೆ, ಜತೆಗೆ ನೈಋತ್ಯ ಪದವೀಧರ ಮತ್ತು ನೈಋತ್ಯ ಶಿಕ್ಷಕರ ಕ್ಷೇತ್ರದವರು.

ಪತ್ರ ಹೇಗಿರಬೇಕು

ಒಂದು ಪುಟ, ಒಂದು ವಿಷಯ. ಮೇಲೆ ಹೆಸರು, ವಿಳಾಸ, ಭಾಗ ಸಂಖ್ಯೆ, ಮೊಬೈಲ್. ವಿಷಯದ ಸಾಲಿನಲ್ಲಿ ವಿಧೇಯಕದ ಹೆಸರು ಮತ್ತು ಸಂಖ್ಯೆ. ನಂತರ ಯಾವ ಖಂಡ, ಅದರಿಂದ ನಿಮ್ಮ ಊರಲ್ಲಿ ಯಾರಿಗೆ ಏನು ತೊಂದರೆ, ಬದಲಿಗೆ ಯಾವ ಪದ ಇರಬೇಕು. ‘15 ದಿನಗಳೊಳಗೆ ಎಂಬುದರ ಬದಲು 45 ದಿನಗಳೊಳಗೆ ಎಂದಾಗಲಿ, ಮಳೆಗಾಲದಲ್ಲಿ ಸರ್ವೆ ಸಾಧ್ಯವಿಲ್ಲ’ ಎಂಬಂಥ ಸಾಲನ್ನು ಆಪ್ತ ಸಹಾಯಕರು ನೇರ ಟಿಪ್ಪಣಿಗೆ ಇಳಿಸಬಹುದು. ‘ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ’ ಎಂದು ಮುಗಿಸಿದರೆ ‘ಸೂಕ್ತ ಕ್ರಮಕ್ಕಾಗಿ ರವಾನಿಸಿದೆ’ ಎಂಬ ಉತ್ತರವೇ ಗತಿ. ಪ್ರಶ್ನೆ ಕೇಳಿಸಬೇಕೆಂದಿದ್ದರೆ ಪ್ರಶ್ನೆಯನ್ನೇ ಬರೆದುಕೊಡಿ: ಎಷ್ಟು ಅರ್ಜಿ ಬಂದಿವೆ, ಎಷ್ಟು ಬಾಕಿ, ತಾಲೂಕುವಾರು ವಿವರ ನೀಡುವುದು. ಚುಕ್ಕೆ ಗುರುತಿನದ್ದಕ್ಕೆ ಸದನದಲ್ಲಿ ಬಾಯಿಮಾತಿನ ಉತ್ತರ, ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ಅಂಕಿಅಂಶ ಬೇಕಾದವರಿಗೆ ಎರಡನೆಯದೇ ಲೇಸು. ಪ್ರಶ್ನೆಗಳಿಗೆ ಮುಂಚಿತ ನೋಟಿಸ್ ಬೇಕಾದ್ದರಿಂದ ಅಧಿವೇಶನದ ದಿನಾಂಕ ಪ್ರಕಟವಾದ ವಾರದಲ್ಲೇ ಕೊಡಿ.

ಒಂದೇ ಒಕ್ಕಣೆಯ ನೂರು ವಾಟ್ಸ್ಆ್ಯಪ್ ಸಂದೇಶಕ್ಕಿಂತ ಬೇರೆ ಬೇರೆ ವಾರ್ಡಿನ ಐದು ಕೈಬರಹದ ಪತ್ರ ಹೆಚ್ಚು ಓದಿಸಿಕೊಳ್ಳುತ್ತದೆ. ಖುದ್ದಾಗಿ ಕೊಟ್ಟರೆ ನಕಲಿನ ಮೇಲೆ ಸೀಲು ಮತ್ತು ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ದೂರವಾದರೆ ಸ್ಪೀಡ್ ಪೋಸ್ಟ್. ಅಧಿವೇಶನದ ವಾರದ ನಡುವೆ ಶಾಸಕರು ಬೆಂಗಳೂರಿನಲ್ಲೋ ಬೆಳಗಾವಿಯಲ್ಲೋ ಇರುತ್ತಾರೆ, ಕ್ಷೇತ್ರದ ಕಚೇರಿಗೆ ಶನಿವಾರ ಹೋಗುವುದು ಒಳ್ಳೆಯದು. ಮದುವೆ, ಬ್ರಹ್ಮಕಲಶದಲ್ಲಿ ಸಿಕ್ಕವರ ಕೈಗೆ ಪತ್ರ ತುರುಕಬೇಡಿ, ಅದು ಅಂಗಿಯ ಕಿಸೆಯಲ್ಲೇ ಒಗೆತಕ್ಕೆ ಹೋಗುತ್ತದೆ.

ಅಂಗೀಕಾರವಾದ ಮೇಲೆ

ರಾಜ್ಯಪಾಲರ ಅಂಕಿತ, ರಾಜ್ಯಪತ್ರದಲ್ಲಿ ಪ್ರಕಟಣೆ, ಆಮೇಲೆ ಜಾರಿಯ ದಿನಾಂಕ. ‘ಸರಕಾರ ಗೊತ್ತುಪಡಿಸುವ ದಿನಾಂಕದಿಂದ’ ಎಂದಿದ್ದರೆ ಇನ್ನೊಂದು ಅಧಿಸೂಚನೆ ಬರುವ ತನಕ ಕಾಯ್ದೆ ಕಾಗದದಲ್ಲಷ್ಟೇ ಇರುತ್ತದೆ. ಸುಗ್ರೀವಾಜ್ಞೆಯಾದರೆ ಸದನ ಮತ್ತೆ ಸೇರಿದ ಆರು ವಾರಗಳೊಳಗೆ ಅದರ ಜಾಗದಲ್ಲಿ ಕಾಯ್ದೆ ಬರಬೇಕು, ಇಲ್ಲದಿದ್ದರೆ ಬಿದ್ದುಹೋಗುತ್ತದೆ. ನಿಯಮಗಳ ಕರಡು ಬಂದಾಗ ಆಕ್ಷೇಪಣೆಯನ್ನು ಶಾಸಕರಿಗಲ್ಲ, ಅಧಿಸೂಚನೆಯಲ್ಲಿ ಹೇಳಿದ ಅಧಿಕಾರಿಗೇ ಗಡುವಿನೊಳಗೆ ಕಳಿಸಿ, ಪ್ರತಿಯನ್ನು ಶಾಸಕರಿಗೆ ಕೊಡಿ.

ನಿಯಮ ಎಲ್ಲಿ ನಿಂತಿದೆ ಎಂದು ತಿಳಿಯಲು ಮಾಹಿತಿ ಹಕ್ಕು ಅರ್ಜಿ ಹಾಕಬಹುದು: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದದೊಳಗಿರಬೇಕು. ಇದನ್ನು ಮರೆತು ಮೂರು ಪುಟ ಬರೆದರೆ ತಿರಸ್ಕರಿಸಲು ಅವರಿಗೆ ನೀವೇ ಕಾರಣ ಒದಗಿಸಿದ ಹಾಗೆ.

ಪದವಿ ಪಡೆದು ಮೂರು ವರ್ಷ ದಾಟಿದವರು ಪದವೀಧರ ಕ್ಷೇತ್ರದ ಪಟ್ಟಿಗೂ ಸೇರಬಹುದು. ನಮೂನೆ 18 ತುಂಬಬೇಕು; ಶಿಕ್ಷಕರಿಗೆ ನಮೂನೆ 19. ವಿಧಾನಸಭೆಯ ಪಟ್ಟಿಯಂತಲ್ಲ, ಪ್ರತಿ ಚುನಾವಣೆಗೂ ಇದನ್ನು ಹೊಸದಾಗಿ ತಯಾರಿಸುತ್ತಾರೆ. 2024ರ ಜೂನ್ ಚುನಾವಣೆಯಲ್ಲಿ ಮತ ಹಾಕಿದವರೂ ಮುಂದಿನ ಸಲ ಮತ್ತೆ ಅರ್ಜಿ ಕೊಡಬೇಕಾಗುತ್ತದೆ.